ಕೂನೂರಿನ ಕಲ್ಲುಹಾಸು

ಮದರಾಸಿನ ಅಂಬತ್ತೂರಿನಲ್ಲಿ ಮೇ ತಿಂಗಳ 'ಕತ್ತಿರಿ' ಎನ್ನುವ ಸುಡುಬಿಸಿಲಿಗೆ ಕಾಗೆಯೂ ಕೊಡೆ ಕೇಳುತ್ತದೆ ಎನ್ನುವವರು ಶಿವಗಂಗಮ್ಮ. ಅಂಥ ಊರಿನ ತಾರಸಿಯ ಮೇಲೆ, ಹಸಿರು ಬಲೆಯ ಕೆಳಗೆ, ಸೊಸೆ ದಾಕ್ಷಾಯಿಣಿ ಕಲ್ಲುಗಳನ್ನು ಒಟ್ಟಿ ನಡುವೆ ಒಂದು ಹಾಸುಗಿಡ ಬೆಳೆಸಿದ್ದಳು. ಗೇಣೆತ್ತರವೂ ಇಲ್ಲ, ಚಾಪೆಯಂತೆ ಕಲ್ಲಿಗೆ ಮೈಚೆಲ್ಲಿ, ಎಲೆ ಕಾಣದಷ್ಟು ನೇರಳೆ ಹೂ ಬಿಡುತ್ತಿತ್ತು.

"ನಿನ್ ಗಂಡನ್ ಥರಾನೇ ಕಣೇ, ಮಲಗಿದ ಕಡೇನೇ ಎಲ್ಲಾ ಶೃಂಗಾರ" ಎಂದು ಅತ್ತೆ ರೇಗಿಸುತ್ತಿದ್ದರು.

ಸೊಸೆಗೆ ಅದು ಬರಿಯ ಗಿಡವಲ್ಲ. ನೀಲಗಿರಿ ಬೆಟ್ಟದ ಕೂನೂರಿನ ರೈಲ್ವೆ ಕ್ವಾರ್ಟರ್ಸಿನ ಮೆಟ್ಟಿಲ ಪಕ್ಕ ಅವಳ ತಾಯಿ ನೆಟ್ಟಿದ್ದು. ತಾಯಿ ತೀರಿಕೊಂಡರು, ಕ್ವಾರ್ಟರ್ಸ್ ಕೆಡವಿದರು. ತೆಂಗಿನಕಾಯಿ ಗಾತ್ರದ ಒಂದು ಕಲ್ಲಿನ ಸಮೇತ ಎತ್ತಿ ತಂದ ಈ ಗಿಡವಷ್ಟೇ ಉಳಿದದ್ದು. ತಂಗಿಯ ಬಾಣಂತನಕ್ಕೆ ದಾವಣಗೆರೆಗೆ ಹೊರಟಾಗ, ಅದಕ್ಕೆ ನೀರು ಚಿಮುಕಿಸಿದರೆ ಸಾಕು, ಬೇರೇನೂ ಹಾಕಬೇಡಿ ಎಂದು ಅತ್ತೆಗೆ ಹೇಳಿಯೇ ಹೋಗಿದ್ದಳು.

ಶಿವಗಂಗಮ್ಮನ ಮನಸ್ಸು ಒಪ್ಪಬೇಕಲ್ಲ. ಲಿಂಗಪೂಜೆಯ ನೀರನ್ನು ತುಳಿಯುವ ಕಡೆ ಚೆಲ್ಲಬಾರದು, ಗಿಡದ ಬುಡಕ್ಕೇ ಹಾಕಬೇಕು. ಸೋಮವಾರ ಅಂಗೈಯ ಲಿಂಗಕ್ಕೆ ಪಂಚಾಮೃತದ ಅಭಿಷೇಕ ಮಾಡಿ, ಹಾಲು, ಮೊಸರು, ತುಪ್ಪ, ಸಕ್ಕರೆ, ಜೇನು ಎಲ್ಲ ಕೂಡಿದ್ದನ್ನು ಈ ಗಿಡಕ್ಕೇ ಸುರಿದರು. ಗಿಡದ ರೂಪದಲ್ಲಿ ಮನೆಗೆ ಬಂದ ಬೀಗಿತ್ತಿಗೆ ಬರೀ ನೀರು ಕೊಟ್ಟು ಕಳಿಸುವ ಮನೆ ಎಲ್ಲಾದರೂ ಉಂಟೇ? ಮರುದಿನ ಮದರಾಸಿನ ಇರುವೆಯೆಲ್ಲ ಅಲ್ಲಿ ಸಂತೆ ಕೂಡಿತ್ತು. ತುಪ್ಪ ಮೆತ್ತಿದ ಎಲೆಗಳು ವಾರದೊಳಗೆ ಹಪ್ಪಳದಂತೆ ಕರಟಿಹೋದವು.

ನಾಳೆ ಸೊಸೆ ಬರುವವಳು. ಶಿವಗಂಗಮ್ಮನ ಎದೆಯಲ್ಲಿ ಪ್ಯಾರೀಸ್ ಕಾರ್ನರ್ ಪೇಟೆಯ ಲಾರಿಗಳೆಲ್ಲ ಒಟ್ಟಿಗೇ ಓಡಿದವು. ಮಗ ರವಿಶಂಕರನನ್ನು ಕಾಡಿ, ನರ್ಸರಿಯಿಂದ ಬೇರೊಂದು ನೇರಳೆ ಹೂವಿನ ಗಿಡ ತರಿಸಿದರು. ಹಳೆಯದನ್ನು ಕಿತ್ತು ಇದನ್ನಿಟ್ಟರೆ ಯಾರಿಗೆ ಗೊತ್ತಾದೀತು?

ಒಣಗಿದ ಹಾಸಿನ ಅಂಚು ಹಿಡಿದು ಎಳೆದರು. ಬರಲಿಲ್ಲ. ಸೆರಗು ಸಿಕ್ಕಿಸಿ ಎಳೆದರು. ಗಿಡದೊಡನೆ ಕಲ್ಲೇ ಎದ್ದು ಬಂತು. ತಿರುಗಿಸಿ ನೋಡಿದರು. ಕೂದಲೆಳೆಯಂಥ ಬಿಳಿ ಬೇರುಗಳು ಕಲ್ಲಿನ ಒಂದೊಂದು ಬಿರುಕಿಗೂ ಇಳಿದಿದ್ದವು, ಹಸುಗೂಸು ಬೆರಳು ಹಿಡಿದಂತೆ. ಊರೆಲ್ಲ ಬಾಣಲೆಯಾಗಿರುವಾಗ ಕಲ್ಲಿನ ತಳ ಮಾತ್ರ ತಣ್ಣಗಿತ್ತು. ಆ ಮಗ್ಗುಲಲ್ಲಿ ಒಂದು ಚಿಗುರು, ಅದರ ತುದಿಗೆ ಸಾಸಿವೆಯಷ್ಟು ನೇರಳೆ ಮೊಗ್ಗು.

ಶಿವಗಂಗಮ್ಮ ಅಲ್ಲೇ ಕೂತು ಸೊಸೆಗೆ ಫೋನು ಹಚ್ಚಿದರು.

"ನಿಮ್ಮಮ್ಮನ ಗಿಡಾನ ನಾನೇ ಸುಟ್ಟೆ ಕಣವ್ವ. ತುಪ್ಪ ಸುರಿದು ಸುಟ್ಟೆ."

ಕಲ್ಲನ್ನು ಮಡಿಲಿಗೆ ಎಳೆದುಕೊಂಡು ಮುಂದುವರಿಸಿದರು.

"ಕಿತ್ತುಹಾಕೋಣ ಅಂತ ಎಳೆದ್ರೆ, ಕಲ್ಲು ಬಿಡ್ಲಿಲ್ಲ ನೋಡು. ಬೆಟ್ಟ ಹೊತ್ಕೊಂಡ್ ಬಂದಂಗ್ ಬಂತು."

"ಬೇರು ಬೆಳ್ಳಗಿದೆಯಾ ಅತ್ತೆ?" ದಾಕ್ಷಾಯಿಣಿ ಕೇಳಿದಳು.

"ಮಲ್ಲಿಗೆ ಥರ ಐತೆ. ಚಿಗುರೂ ಐತೆ."

ಆಮೇಲೆ ಅವಳು ಅತ್ತಳೋ ನಕ್ಕಳೋ ತಿಳಿಯಲಿಲ್ಲ. ನೆರಳಿಗೆ ಇಡಿ, ನಾನು ಬರುತ್ತೇನೆ ಎಂದಳು. ಫೋನಿಟ್ಟ ಮೇಲೂ ಶಿವಗಂಗಮ್ಮ ಕಲ್ಲನ್ನು ಕೆಳಗಿಡಲಿಲ್ಲ. ಬಿಸಿಲಿಗೆ ಬೆನ್ನು ಕೊಟ್ಟು, ತಮ್ಮ ನೆರಳನ್ನೇ ಅದಕ್ಕೆ ಹೊದಿಸಿ, ಆ ಮೊಗ್ಗನ್ನೇ ನೋಡುತ್ತ ಕೂತರು.