ದ್ಯಾಮಪ್ಪನ ಮಣ್ಣು

ಸವಣೂರಿನ ಇನಾಯತನಿಗೆ ಸಮುದ್ರವೆಂದರೆ ಬೇಸರ. ಕ್ರೂಸರ್ ಗಾಡಿ ಹಿಡಿದಾಗಿನಿಂದ ಕರಾವಳಿಗೆ ಎಷ್ಟು ಟ್ರಿಪ್ ಹೊಡೆದಿದ್ದಾನೋ ಅವನಿಗೇ ಗೊತ್ತಿಲ್ಲ, ಆದರೆ ಆ ನೀರನ್ನು ನೋಡಿದ್ದೆಲ್ಲ ಪಾರ್ಕಿಂಗ್ ಜಾಗದಿಂದಲೇ. ಜನ ಇಳಿದು ಓಡುತ್ತಾರೆ, ಇವನು ಸೀಟು ಹಿಂದಕ್ಕೆ ಬಾಗಿಸಿ ಕಣ್ಣು ಮುಚ್ಚುತ್ತಾನೆ. ಅವರು ಒದ್ದೆ ಬಟ್ಟೆಯಲ್ಲಿ ಮರಳು ಹೊತ್ತು ತಂದು ಗಾಡಿ ತುಂಬುತ್ತಾರೆ, ಇವನು ಮರುದಿನ ಸೊಂಟ ಹಿಡಿದುಕೊಂಡು ತೊಳೆಯುತ್ತಾನೆ. ಇಷ್ಟಕ್ಕೆ ಜನ ಘಟ್ಟ ಇಳಿದು ಯಾಕೆ ಬರುತ್ತಾರೋ ಅವನಿಗೆ ತಿಳಿದಿಲ್ಲ.

ಈ ಸಲದ ಸವಾರಿ ಶಿಗ್ಗಾಂವದ್ದು. ಕಾಳಿನ ವ್ಯಾಪಾರಿ ರುದ್ರೇಶ, ಹೆಂಡತಿ ನೇತ್ರಾ, ಇನ್ನೂ ಹಾಲುಹಲ್ಲು ಬೀಳದಿದ್ದರೂ ಅಕ್ಷರ ಕೂಡಿಸಿ ಓದುವ ಮಗಳು ಮಧುಶ್ರೀ, ನೇತ್ರಾಳ ತವರಿನ ನಾಲ್ಕೈದು ಮಂದಿ. ಮುಂದಿನ ಸೀಟಿನಲ್ಲಿ ರುದ್ರೇಶನ ತಾಯಿ ವೀರವ್ವ, ಎಪ್ಪತ್ತರ ಹತ್ತಿರದವಳು. ಉಳಿದವರೆಲ್ಲ ಬೀಚಿಗೆ ಹೊರಟವರು. ವೀರವ್ವ ಹೊರಟಿದ್ದು ಬೀಚಿನ ಪಕ್ಕದಲ್ಲಿ ಹೊಸದಾಗಿ ಎದ್ದ ಯುದ್ಧ ಸ್ಮಾರಕಕ್ಕೆ.

ಅದರ ಕಾರಣವನ್ನು ಅವಳೇ ಹಾನಗಲ್ಲ ದಾಟುವಾಗ ಹೇಳಿದಳು. ಅವಳ ಅಣ್ಣ ದ್ಯಾಮಪ್ಪ ನೌಕಾಪಡೆ ಸೇರಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ಹಡಗಿನ ಜೊತೆಗೇ ಮುಳುಗಿದ. ಹೆಣ ಸಿಗಲಿಲ್ಲ.

"ನಮ್ಮವ್ವ ಸಾಯೂ ತನಕ ಅಂದದ್ದು ಒಂದ ಮಾತು. ನನ್ನ ಮಗಗ ಯಾರೂ ಮಣ್ಣ ಕೊಡಲಿಲ್ಲ ಅಂತ," ಅಂದಳು ವೀರವ್ವ. "ಅಕಿನ್ನ ಹತ್ತಿಮತ್ತೂರ ಹೊಲದಾಗ ಮಣ್ಣಿಗೆ ಇಟ್ಟೇವಿ. ಅಕಿ ಗದ್ದುಗಿ ಮ್ಯಾಲಿನ ಮಣ್ಣ ತಂದೇನಿ, ತಮ್ಮಾ. ಅವನ ಹೆಸರಿನ ಬುಡಕ ಮೂರು ಮುಟಗಿ ಹಾಕಿ ಬರ್ತೇನಿ. ಅಷ್ಟಾದ್ರ ಅಕಿ ಮಾತು ಮುಗೀತು."

ಇನಾಯತ ತಲೆ ಆಡಿಸಿದ. ಮಣ್ಣು ಕೊಡುವುದೆಂದರೆ ಏನೆಂದು ಅವನಿಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ಹೂಳುವಾಗ ಪ್ರತಿಯೊಬ್ಬರೂ ಹಿಡಿ ಮಣ್ಣು ಹಾಕುವುದು ತಮ್ಮಲ್ಲೂ ಉಂಟು, ವೀರವ್ವನ ಮಂದಿಯಲ್ಲೂ ಉಂಟು. ಅವನ ಅಪ್ಪ ತೀರಿಕೊಂಡ ದಿನ ಅವನು ಇದೇ ಕರಾವಳಿಯಲ್ಲಿ ಯಾರದೋ ಮದುವೆಯ ದಿಬ್ಬಣ ಇಳಿಸುತ್ತಿದ್ದ. ಗಾಡಿ ಸವಣೂರು ಮುಟ್ಟುವ ಹೊತ್ತಿಗೆ ಜನ ಗೋರಿಯಿಂದ ಮನೆಗೆ ಮರಳಿದ್ದರು. ಅದನ್ನು ಅವನು ಯಾರ ಮುಂದೆಯೂ ಆಡುವವನಲ್ಲ, ವೀರವ್ವನ ಮುಂದೆಯೂ ಆಡಲಿಲ್ಲ.

ಶಿರಸಿ ದಾಟಿ ಘಟ್ಟ ಇಳಿಯುವಾಗ ಮಧುಶ್ರೀ ವಾಂತಿ ಮಾಡಿಕೊಂಡಳು. ಹೊರಗೆ ಜಿಟಿಜಿಟಿ ಮಳೆ, ಮಂಜು ಕವಿದು ಗಾಡಿಯೊಳಗೂ ಮಬ್ಬು. ತಿರುವಿನಲ್ಲಿ ಹಿಂದಿನಿಂದ ಲಾರಿಯವನು ಹಾರ್ನ್ ಒತ್ತಿ ತಲೆ ತಿನ್ನುತ್ತಿದ್ದ. ಘಟ್ಟಕ್ಕೆ ಹೋಗುವ ಡ್ರೈವರನ ಸೀಟಿನ ಕೆಳಗೆ ಒಂದು ಚೀಲ ಮಣ್ಣು ಇದ್ದೇ ಇರುತ್ತದೆ. ವಾಂತಿಯ ಮೇಲೆ ಸುರಿಯುವುದು, ಹೀರಿಕೊಂಡ ಮೇಲೆ ಗುಡಿಸಿ ಎಸೆಯುವುದು. ಇನಾಯತ ಕೈ ಹಾಕಿದ, ಚೀಲ ಎಳೆದ, ಪೂರ್ತಿ ಸುರಿದ. ಕಡ್ಡಿ ಪೊರಕೆಯಿಂದ ಬಳಿದು ಕಂದಕಕ್ಕೆ ತಳ್ಳಿದ. ವೀರವ್ವ ಆಗ ಕೆಳಗಿಳಿದು ಮೊಮ್ಮಗಳ ಮುಖ ತೊಳೆಯುತ್ತಿದ್ದಳು.

ಕಡಲ ದಂಡೆ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಸ್ಮಾರಕದ ಬಾಗಿಲಲ್ಲಿ ಹಳೆಯ ಫಿರಂಗಿಯೊಂದಿತ್ತು, ಅದರ ಮೇಲೆ ಅಡ್ಡಗಾಲು ಹಾಕಿ ಫೋಟೊ ತೆಗೆಸಿಕೊಳ್ಳಲು ಸರದಿ ನಿಂತಿತ್ತು. ಪಕ್ಕದಲ್ಲೇ ಚುರುಮುರಿ, ಎಳನೀರು, ಪ್ಲಾಸ್ಟಿಕ್ಕಿನ ಹಡಗು. ರುದ್ರೇಶನ ಮಂದಿ ಚಪ್ಪಲಿ ಪಟಪಟ ಬಡಿಯುತ್ತ ಒಳಗೆ ನುಗ್ಗಿದರು. ಮಧುಶ್ರೀಯಂತೂ "ನಾ ದ್ಯಾಮಪ್ಪಜ್ಜನ ಹೆಸರು ಹುಡುಕ್ತೇನಿ" ಎನ್ನುತ್ತ ಎಲ್ಲರಿಗಿಂತ ಮುಂದೆ ಓಡಿದಳು.

"ಊರಾಗ ವೀರಗಲ್ಲಿನ ಮುಂದ ಸುದ್ದಾ ಚಪ್ಪಲಿ ಬಿಡ್ತಾರ," ಅಂದಳು ವೀರವ್ವ, ತನ್ನವನ್ನು ಗಾಡಿಯಲ್ಲೇ ಬಿಡುತ್ತ. "ಇವಕ್ಕ ಯಾರು ಹೇಳೂದು. ತಮ್ಮಾ, ಆ ಚೀಲ ಕೊಡು. ನಿನ್ನ ಸೀಟಿನ ಬುಡಕ ಇಟ್ಟೇನಿ. ಹಳದಿ ಚೀಲ."

ಇನಾಯತ ಬಗ್ಗಿ ಎಳೆದ. ಚೀಲ ಹಳದಿಯದೇ. ಶಿಗ್ಗಾಂವದ ಒಂದು ಸೀರೆ ಅಂಗಡಿ ಸುತ್ತಲಿನ ನಾಲ್ಕು ತಾಲ್ಲೂಕಿಗೂ ಅದೇ ಚೀಲ ಹಂಚುತ್ತದೆ, ಅವನ ಮನೆಯಲ್ಲೇ ಹತ್ತು ಇವೆ. ಬಾಯಿ ಬಿಚ್ಚಿದರೆ ಒಳಗೆ ಕೆಂಪು ಗರಸುಮಣ್ಣು. ಬಂಕಾಪುರ ರಸ್ತೆ ಬದಿಯಲ್ಲಿ ಅವನೇ ತುಂಬಿಕೊಂಡದ್ದು.

ಸೀಟಿನ ಕೆಳಗೆ ಇನ್ನೊಮ್ಮೆ ತಡಕಿದ, ಬೇರೆ ಚೀಲ ಸಿಗಲಿಲ್ಲ. ಕೊಟ್ಟುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ. ಮಣ್ಣಿಗೆ ಮಣ್ಣು, ಮುದುಕಿಗೆ ಕಣ್ಣು ಮಂಜು. ಆದರೆ ಅಪ್ಪನ ಗೋರಿಯ ಮುಂದೆ ಖಾಲಿ ಕೈಯಲ್ಲಿ ನಿಂತದ್ದು ನೆನಪಾಗಿ ಚೀಲ ಕೆಳಗಿಟ್ಟ.

"ಅಕ್ಕಾರ, ತಪ್ಪಾತ್ರಿ," ಅಂದ. "ಘಟ್ಟದಾಗ ಕೂಸು ಉಲ್ಟಿ ಮಾಡಿತಲ್ರಿ. ನಂದಂತ ತಿಳದು ನಿಮ್ಮ ಚೀಲ ಸುರದಬಿಟ್ಟೆ. ಒಂದು ಹಿಡಿನೂ ಉಳದಿಲ್ರಿ."

ವೀರವ್ವ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಗಾಡಿಯ ಮೆಟ್ಟಿಲ ಮೇಲೆ ಕುಳಿತು ಬರಿ ಅಂಗೈ ನೋಡಿಕೊಂಡಳು.

"ನಮ್ಮವ್ವನ ನಸೀಬನ ಹಂಗ ಐತಿ ಬಿಡು," ಅಂದಳು. "ಗುಡ್ಡದಾಗ ಹ್ವಾದ ಮಣ್ಣ ಇನ್ನೆಲ್ಲಿ ಹುಡುಕತಿ. ಏಳು, ಕೈ ಹಿಡಿ. ಹೆಸರರ ನೋಡಿ ಬರೂಣು."

ಎಷ್ಟೋ ಸಲ ಈ ಗೇಟಿನ ಮುಂದೆ ಗಾಡಿ ನಿಲ್ಲಿಸಿದ್ದ ಇನಾಯತ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಒಳಗೆಲ್ಲ ಬಿಳಿ ಕಲ್ಲಿನ ಹಾಸು, ನೆಲವೆಂಬುದೇ ಕಾಣದು. ಮಣ್ಣು ಉಳಿದಿದ್ದರೂ ಇಲ್ಲಿ ಹಾಕುವುದೆಲ್ಲಿ ಎಂದುಕೊಂಡ. ಕಡಲ ಕಡೆಗೆ ಮುಖ ಮಾಡಿ ನಿಂತ ಉದ್ದನೆ ಗೋಡೆಯಲ್ಲಿ ಹೆಸರುಗಳು. ರುದ್ರೇಶನ ಮಂದಿ ಆಗಲೇ ಫೋಟೊ ತೆಗೆದು ಮುಗಿಸಿ ಬೀಚಿನ ಕಡೆ ಇಳಿಯುತ್ತಿದ್ದರು.

ಗೋಡೆಯ ಮುಂದೆ ಬಕೆಟ್ ಇಟ್ಟುಕೊಂಡು ಒಬ್ಬ ಹೆಂಗಸು ನೆಲ ಒರೆಸುತ್ತಿದ್ದಳು. ಯಾರಿಗೆಂದಿಲ್ಲದೆ ಗೊಣಗುತ್ತಿದ್ದಳು: "ಎಲ್ಲಿಂದ ತಂದ್ರೋ ಈ ಕಪ್ಪು ಕೆಸರು. ನಮ್ಮ ಕಡೆ ಇಂಥ ಮಣ್ಣೇ ಇಲ್ಲ. ಎಷ್ಟು ಉಜ್ಜಿದ್ರೂ ಹೋಗುದಿಲ್ಲ."

ವೀರವ್ವ ನಿಂತಳು. ಇನಾಯತನೂ ನೋಡಿದ. ಬಿಳಿ ಕಲ್ಲಿನ ಮೇಲೆ ಚಪ್ಪಲಿಯ ಗುರುತುಗಳು ಬಂದಿದ್ದವು. ದೊಡ್ಡವು ಅಲ್ಲಲ್ಲಿ ಚೆದುರಿದ್ದವು. ಪುಟ್ಟವು ಮಾತ್ರ ಗೋಡೆಯ ಗುಂಟ ಸಾಗಿ ಒಂದು ಹೆಸರಿನ ಬುಡದಲ್ಲಿ ಜೋಡಿಯಾಗಿ ನಿಂತಿದ್ದವು. ಅಲ್ಲಿ ಎರಡು ಹೆಂಟೆ ಕಪ್ಪು ಮಣ್ಣು ಉದುರಿತ್ತು. ಹತ್ತಿಮತ್ತೂರಿನ ಎರೆಮಣ್ಣು ಒದ್ದೆಯಾಗಿ ಹಿಡಿದುಕೊಂಡರೆ ಬಿಡುವ ಜಾತಿಯಲ್ಲ. ಗಾಡಿಯ ಸಂದಿಗೊಂದಿಯಲ್ಲಿ ಉಳಿದದ್ದು ಮನೆಮಂದಿಯ ಕಾಲಿಗೆ ಮೆತ್ತಿಕೊಂಡು ಬಂದಿತ್ತು. ಮೇಲೆ ಕಲ್ಲಿನಲ್ಲಿ ದ್ಯಾಮಪ್ಪ ಎಂದು ಕೆತ್ತಿತ್ತು.

"ಒಂದೀಟು ತಡೀರಿ, ತಾಯಿ," ಎಂದು ವೀರವ್ವ ಒರೆಸುವವಳಿಗೆ ಕೈ ಅಡ್ಡ ಹಿಡಿದು ನೆಲಕ್ಕೆ ಕುಳಿತಳು. ಹೆಂಟೆಯನ್ನು ಬೆರಳಲ್ಲಿ ಪುಡಿ ಮಾಡಿ ಮೂಸಿದಳು. ಆಮೇಲೆ ಚಿಟಿಕೆ ಚಿಟಿಕೆಯಾಗಿ ಮೂರು ಸಲ ಹೆಸರಿನ ಬುಡಕ್ಕೆ ಹಾಕಿದಳು. ಅಳಲಿಲ್ಲ. "ಅವ್ವ ಕೊಟ್ಟಾಳ, ತಗೋ ಅಣ್ಣಾ," ಎಂದಷ್ಟೇ ಅಂದಳು.

ಆಮೇಲೆ ತಲೆ ಎತ್ತಿ, "ನೀನೂ ಕೊಡು, ತಮ್ಮಾ. ಮಣ್ಣಿಗೆ ಬಂದವರು ಹಂಗ ಹೋಗಬಾರದು," ಅಂದಳು.

ಇನಾಯತ ಟೊಪ್ಪಿಗೆ ಸರಿ ಮಾಡಿಕೊಂಡು ಕುಳಿತ. ಒಂದು ಚಿಟಿಕೆ ದ್ಯಾಮಪ್ಪನಿಗೆ ಹಾಕಿದ. ಇನ್ನೊಂದು ಚಿಟಿಕೆ ತೆಗೆದುಕೊಂಡು ಬಹಳ ಹೊತ್ತು ಹಿಡಿದಿದ್ದು ಅದನ್ನೂ ಹಾಕಿದ. ಅದು ಯಾರಿಗೆಂದು ವೀರವ್ವ ಕೇಳಲಿಲ್ಲ. ಅವನ ಕಣ್ಣು ತುಂಬಿದ್ದನ್ನು ನೋಡಿ ಮುಖ ಆಚೆ ತಿರುಗಿಸಿದಳು.

ಒರೆಸುವವಳು ಕಾದಿದ್ದಳು. ಅವರು ಎದ್ದ ಮೇಲೆ ಬಟ್ಟೆ ಹಿಂಡಿ ತನ್ನ ಕೆಲಸ ಮುಂದುವರಿಸಿದಳು. ಅದು ಅವಳ ಹೊಟ್ಟೆಪಾಡು, ಯಾರೂ ಬೇಡ ಅನ್ನಲಿಲ್ಲ.

ಹೊರಗೆ ಬಂದ ವೀರವ್ವ ಗಾಡಿಯ ಕಡೆ ತಿರುಗಲಿಲ್ಲ. ಮಣ್ಣು ಕೊಟ್ಟವರು ನೀರು ಮುಟ್ಟದೆ ಮನೆಗೆ ಹೋಗುವಂತಿಲ್ಲ. ಸೀದಾ ಮರಳಿಗೆ ಇಳಿದು, ಅಲೆ ಬಂದು ಮುರಿಯುವಲ್ಲಿ ಉಟ್ಟ ಸೀರೆಯಲ್ಲೇ ಕುಳಿತಳು. ಬೊಗಸೆ ತುಂಬ ಎತ್ತಿ ತಲೆಯ ಮೇಲೆ ಹಾಕಿಕೊಂಡಳು.

"ನೋಡ್ರಿ, ನಮ್ಮವ್ವಗ ಈಗ ಹುರುಪ ಬಂತು," ಎಂದು ರುದ್ರೇಶ ನಕ್ಕು ಫೋನ್ ಎತ್ತಿದ. ಮಧುಶ್ರೀ ಕುಣಿಯುತ್ತ ಬಂದು ಅಜ್ಜಿಯ ಮೈಮೇಲೆ ನೀರು ಎರಚಿದಳು. ಅಜ್ಜಿ ತಲೆ ತಗ್ಗಿಸಿ ಎರಚಿಸಿಕೊಂಡಳು.

ಇನಾಯತ ಪಾಯಿಜಾಮ ಮಡಚಿ ಮೊದಲ ಸಲ ಆ ನೀರಿಗೆ ಇಳಿದ. ಕಾಲು ತೊಳೆದುಕೊಂಡ, ಕೈ ತೊಳೆದುಕೊಂಡ, ಮುಖಕ್ಕೂ ಹಾಕಿಕೊಂಡ. ನೀರು ಉಪ್ಪಾಗಿತ್ತು. ಆಮೇಲೆ ಗಾಡಿ ತೆಗೆಯಲು ಹೋದ.