ಹೂದಾನಿಯ ಪಕ್ಕದ ಹಣ್ಣು

ಕೆನ್ನೆಯ ಮೇಲೆ ಐದು ಬೆರಳು ಮೂಡಿಸಿಕೊಂಡು ತವರಿಗೆ ಬಂದ ಮಗಳ ಹಿಂದೆಯೇ, ತಪ್ಪಾಯಿತೆಂದು ಅಳಿಯ ಕಳಿಸಿದ ಗುಲಾಬಿಗಳೂ ಬಂದವು. "ಇವು ಬಾಡೋವರೆಗೆ ಇರ್ತೀನಮ್ಮ, ಆಮೇಲೆ ಹೋಗ್ತೀನಿ" ಎಂದಳು ಮಗಳು.

ಅಂದಿನಿಂದ ತಾಯಿಯ ಜೀವವೆಲ್ಲ ಹೂದಾನಿಯಲ್ಲೇ. ದಿನಾ ನೀರು ಬದಲಿಸಿದಳು, ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿದಳು. ಒಂದು ದಳ ಉದುರಿದರೂ ಮಗಳು ಕಾಣುವ ಮೊದಲೇ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಳ್ಳುತ್ತಿದ್ದಳು.

ಒಂಬತ್ತನೇ ದಿನ ಅಳಿಯ ಮಹಾಶಯ ನಗುನಗುತ್ತಾ ಬಂದು, ಸೇಬಿನ ಚೀಲವನ್ನು ಹೂದಾನಿಗೆ ಒತ್ತಿಯೇ ಇಟ್ಟ. ಹಣ್ಣಿನ ಪಕ್ಕ ಹೂ ಬೇಗ ಬಾಡುತ್ತದೆಂದು ಮಗಳಿಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದ ತಾಯಿ ಈಗ ಅವಳ ಮುಖವನ್ನೇ ನೋಡಿದಳು.

"ಹೊರಡೋಣ್ವಾ?" ಎಂದ ಅವನು.

ಮಗಳು ಚೀಲವನ್ನೆತ್ತಿ ಅವನ ಕೈಗೇ ಕೊಟ್ಟಳು. ಆಮೇಲೆ ಹೂದಾನಿ ಎತ್ತಿಕೊಂಡು, ನೀರು ಬದಲಿಸಲು ಒಳಗೆ ಹೋದಳು.