ಬಿಸಿ ಬರಲಿ, ಹೊಗೆ ಬಾರದಿರಲಿ

"ಬತ್ತದಾ ಅಕ್ಕ?"

ಹೊರಗಿನಿಂದ ಶಿವಲಿಂಗಯ್ಯನ ದನಿ ಕೇಳಿಸಿತು. ಯಶೋಧಾ ಕಣ್ಣು ಮುಚ್ಚಿಕೊಂಡೇ ಉಸಿರನ್ನು ಮೆಲ್ಲಗೆ ಒಳಗೆಳೆದುಕೊಂಡಳು. ಇಬ್ಬರು ಮಾತ್ರ ಕೂರಬಹುದಾದ ಆ ಪುಟ್ಟ ವಿಮಾನದ ಬಾಗಿಲನ್ನು ತಮ್ಮ ಭದ್ರವಾಗಿ ಮುಚ್ಚಿದ್ದ. ಕಾಲ ಬಳಿಯ ಕಿಂಡಿಯಿಂದ ಗಾಳಿ ಬರುತ್ತಿರುವುದು ಪಾದಕ್ಕೆ ತಿಳಿಯುತ್ತಿತ್ತು. ಮೂಗಿಗೆ ಏನೂ ತಿಳಿಯಲಿಲ್ಲ.

"ಇಲ್ಲ ಕಣ್ಲಾ. ಏನೂ ಬತ್ತಿಲ್ಲ."

"ಸರ್ಯಾಗಿ ನೋಡು. ಅವಸರ ಏನಿಲ್ಲ."

"ನೋಡ್ದೆ ಕಣೋ. ಇಲ್ಲ."

ಶಿವಲಿಂಗಯ್ಯ ಬದುಕೆಲ್ಲ ವಿಮಾನದ ಎಂಜಿನ್ನು ರಿಪೇರಿ ಮಾಡಿದವನು. ನಿವೃತ್ತಿಯಾದ ಮೇಲೆ ಹೂಟಗಳ್ಳಿಯಲ್ಲೊಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದು, ತನ್ನದೇ ಒಂದು ವಿಮಾನ ಕಟ್ಟಲು ಕೂತಿದ್ದ. ಹಾರಿಸುವವಳು ಮಗಳು ವರ್ಷಿಣಿ. ಅವಳಿಗೆ ಪೈಲಟ್ ಲೈಸೆನ್ಸು ಬಂದಿತ್ತು. ಒಂದು ಡಿಸೆಂಬರಿನ ಬೆಳಿಗ್ಗೆ ಯಾರದೋ ಸಣ್ಣ ವಿಮಾನ ಹಾರಿಸಿ ಬಂದವಳು, ಮೇಲೆ ಹೋದಾಗ ಚಳಿಗೆ ಬೆರಳು ಮರಗಟ್ಟಿ, ವಿಮಾನ ತಿರುಗಿಸಲು ಹಿಡಿದ ಕೋಲು ಕೈಯಲ್ಲಿದೆಯೋ ಇಲ್ಲವೋ ಗೊತ್ತಾಗಲಿಲ್ಲ ಎಂದು ನಗುತ್ತ ಹೇಳಿದ್ದಳು. ಅಪ್ಪ ನಗಲಿಲ್ಲ. ಅಂದಿನಿಂದ ಅವನಿಗೆ ಒಳಗೆ ಬಿಸಿ ಗಾಳಿ ತರುವುದೊಂದೇ ಧ್ಯಾನ.

ಅಕ್ಕನಿಗೆ ಅವನು ಅದನ್ನು ಬುಟ್ಟಿಯ ಲೆಕ್ಕದಲ್ಲಿ ತಿಳಿಹೇಳಿದ್ದ. ಎಣ್ಣೆಸ್ನಾನದ ದಿನ ಅವ್ವ ಸಾಂಬ್ರಾಣಿ ಉದುರಿಸಿದ ಕೆಂಡದ ಮೇಲೆ ಬುಟ್ಟಿ ಕವುಚಿ, ಅದರ ಮೇಲೆ ನಿನ್ನ ಕೂದಲು ಹರಡಿ ಆರಿಸುತ್ತಿರಲಿಲ್ಲವೇ, ಇದೂ ಹಾಗೆಯೇ ಎಂದಿದ್ದ. ಎಂಜಿನ್ನಿನ ಹೊಗೆ ಹೋಗುವ ಕೊಳವೆ ಕೆಂಡದಂತೆ ಕಾಯುತ್ತದೆ. ಅದರ ಸುತ್ತ ಉಕ್ಕಿನ ಹಾಳೆಯದೊಂದು ಹೊದಿಕೆ. ಎರಡರ ನಡುವೆ ಹರಿದು ಬೆಚ್ಚಗಾದ ಗಾಳಿ ಕೂತವರ ಕಾಲಿಗೆ ಬರುತ್ತದೆ. ಅವ್ವನ ಬುಟ್ಟಿಯಲ್ಲಿ ಹೊಗೆಯೂ ಬರಬೇಕಿತ್ತು. ಇಲ್ಲಿ ಬಿಸಿ ಮಾತ್ರ ಬರಬೇಕು. ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ವಿಷದ ಗಾಳಿ ಒಳಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೂತವರಿಗೆ ತಲೆ ಭಾರವಾಗಿ ನಿದ್ದೆ ಬಂದಂತಾಗುತ್ತದೆ, ಅಷ್ಟೆ. ವಿಷ ಬಂದರೆ ಕೂಗುವ ಯಂತ್ರವೊಂದನ್ನು ಶಿವಲಿಂಗಯ್ಯ ಆಗಲೇ ಕೂರಿಸಿದ್ದ. ಆದರೆ ಅದು ಕೂಗುವುದು ಬಂದ ಮೇಲೆ. ಬರುವ ದಾರಿಯೇ ಇರಬಾರದೆಂಬುದು ಅವನ ಹಟ.

ಹೊದಿಕೆ ಹಾಕುವ ಮುಂಚೆ ಕೊಳವೆಗೆ ಸೋಪಿನ ನೀರು ಹಚ್ಚಿ ನೋಡಿದ್ದ, ಗುಳ್ಳೆ ಎದ್ದಿರಲಿಲ್ಲ. ಹೊದಿಕೆ ಬಿಗಿದ ಮೇಲೆ ಬೆಸುಗೆ ಎಲ್ಲಾದರೂ ಜಗ್ಗಿರಬಹುದೆಂದು ಇವತ್ತಿನ ಪರೀಕ್ಷೆ. ತಣ್ಣಗಿದ್ದ ಎಂಜಿನ್ನಿನ ಕೊಳವೆಯೊಳಕ್ಕೆ ಡಬ್ಬಿಯ ಕೆಂಡದಿಂದ ಸಾಂಬ್ರಾಣಿ ಹೊಗೆ ಊದುವುದು, ಕೊನೆಗೊಂದು ಪೈಪು ಸಿಕ್ಕಿಸಿ ಆ ಹೊಗೆಯನ್ನು ಶೆಡ್ಡಿನ ಕಿಟಕಿಯಾಚೆ ಬಿಡುವುದು, ಹೊದಿಕೆಯೊಳಗೆ ಫ್ಯಾನಿನಿಂದ ಗಾಳಿ ಹಾಯಿಸುವುದು. ಒಳಗೆ ಅಕ್ಕ ಕೂತು, ವಾಸನೆ ಬಂದರೆ ಹೇಳುವುದು. ಅಕ್ಕನ ಮೂಗಿಗಿಂತ ದೊಡ್ಡ ಮೀಟರು ಮೈಸೂರಿನಲ್ಲಿಲ್ಲ ಎಂದು ಅವನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ.

ಒಂದು ಕಾಲಕ್ಕೆ ಅದು ಸುಳ್ಳೂ ಆಗಿರಲಿಲ್ಲ. ಯಶೋಧಾ ಊದುಬತ್ತಿ ಕಾರ್ಖಾನೆಯಲ್ಲಿ ಸುಗಂಧ ಬೆರೆಸುವವಳು. ಅವಳು ಮೂಸಿ ತಲೆಯಾಡಿಸದೆ ಮಾಲು ಹೊರಗೆ ಹೋಗುತ್ತಿರಲಿಲ್ಲ. ಊರಿಗೆಲ್ಲ ಬಂದ ಆ ಜ್ವರ ಅವಳಿಗೂ ಬಂದು ಹೋಯಿತು. ಹೋಗುವಾಗ ಮೂಗನ್ನೂ ಕೊಂಡುಹೋಯಿತು. ಇಂದು ಬಂದೀತು, ನಾಳೆ ಬಂದೀತು ಎಂದು ಕಾಯುತ್ತ ಯಾರಿಗೂ ಹೇಳಲಿಲ್ಲ. ಕೈಗೆ ಅಳತೆ ಗೊತ್ತಿತ್ತು, ಕಣ್ಣಿಗೆ ಬಣ್ಣ ಗೊತ್ತಿತ್ತು. ಅನುಮಾನ ಬಂದಾಗ ಪಕ್ಕದ ಹುಡುಗಿಯರ ಮುಂದೆ ಹಿಡಿದು, ಪರೀಕ್ಷೆ ಮಾಡುವವಳಂತೆ "ಎಂಗದೆ ಹೇಳ್ರವ್ವ" ಎನ್ನುತ್ತಿದ್ದಳು. ಬೆಳಗಿನ ಜಾವ ದೇವರ ಮುಂದೆ ಊದುಬತ್ತಿ ಹಚ್ಚಿ ನಿಂತಾಗ, ನನಗೆ ಬಾರದ್ದು ನಿನಗಾದರೂ ಬರುತ್ತಿದೆಯಲ್ಲ ಸ್ವಾಮಿ ಎಂದುಕೊಳ್ಳುತ್ತಿದ್ದಳು.

ತಮ್ಮ ಕರೆದಾಗ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಒಗೆದ ಸೀರೆ ಉಟ್ಟು ಬಾ, ಹೂ ಮುಡಿಯಬೇಡ, ಊದುಬತ್ತಿ ಮುಟ್ಟಬೇಡ ಎಂದಿದ್ದ, ಹಾಗೇ ಬಂದಿದ್ದಳು. ಸಿದ್ಧಾರ್ಥನಗರದಿಂದ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ, ಅವನು ಮಾಡಿದ ಕೆಲಸದಲ್ಲಿ ಬಿರುಕಿರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಶಿವಲಿಂಗಯ್ಯ ಪೈಪು ಬಿಚ್ಚಲು ಶೆಡ್ಡಿನ ಹಿಂದಕ್ಕೆ ಹೋದ. ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದ ವರ್ಷಿಣಿ ವಿಮಾನದ ಬಾಗಿಲು ತೆಗೆದು ಲೋಟ ಚಾಚಿದಳು. ಯಶೋಧಾ ಎರಡೂ ಕೈಯಲ್ಲಿ ಹಿಡಿದು, ಯಾವಾಗಲೂ ಹೇಳುವಂತೆ "ಘಮ್ ಅಂತದೆ ಕಣವ್ವ" ಎಂದಳು.

ವರ್ಷಿಣಿ ತಲೆ ಒಳಗಿಟ್ಟವಳು ನಕ್ಕಳು. "ನೀವು ಕೂತಿದ್ದೇ ಕೂತಿದ್ದು, ವಿಮಾನ ದೇವ್ರ ಮನೆ ಆಗೋಗಿದೆ ಅತ್ತೆ. ಎಷ್ಟ್ ಒಗೆದ್ರೂ ನಿಮ್ ಸೀರೆ ಕಾರ್ಖಾನೆ ಬಿಡಲ್ಲ ಬಿಡಿ."

ಅಷ್ಟು ಹೇಳಿ ಅವಳು ಅಪ್ಪನಿಗೆ ಕಾಫಿ ಬಗ್ಗಿಸಲು ಹೋದಳು. ಯಶೋಧಾ ಸೆರಗನ್ನು ಮೂಗಿನ ಬಳಿಗೆ ತಂದಳು, ತಂದು ಪ್ರಯೋಜನವಿಲ್ಲವೆಂದು ತಿಳಿದೂ. ಸೋಪು ಹಾಕಿ ಒಗೆದು ಬಿಸಿಲಲ್ಲಿ ಆರಿಸಿದ ಸೀರೆ ಅದು. ಹುಡುಗಿಗೆ ಬಂದ ವಾಸನೆ ಸೀರೆಯದಲ್ಲ.

ಶಿವಲಿಂಗಯ್ಯ ಕೈ ಒರೆಸಿಕೊಳ್ಳುತ್ತ ಬಂದ. ಮುಖ ಅರಳಿತ್ತು. ಇನ್ನೇನು ನಾಳೆಯೇ ಎಂಜಿನ್ನಿನ ಮುಚ್ಚಳ ಹಾಕಿ ಬಿಗಿದುಬಿಡುತ್ತೇನೆ ಎಂದ.

"ಇರ್ಲಾ," ಎಂದಳು ಯಶೋಧಾ. "ಈಗ ಒಸಿ ಬಂದಂಗಾಯ್ತು."

ಅವನ ಮುಖ ಇಳಿಯಿತು. ಆದರೆ ಮರುಗಳಿಗೆಗೇ ವಿಮಾನದ ಮೂತಿಯ ಮೇಲೆ ಕೈಯಿಟ್ಟು, ವರ್ಷಿಣಿಯ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದ. "ನೋಡ್ದಾ? ಇದಕ್ಕೇ ಅಕ್ಕನ್ನ ಕರ್ಸಿದ್ದು. ಬಿಚ್ಚಿ ಮತ್ತೆ ಬೆಸುಗೆ ಹಾಕ್ತೀನಿ. ಬರೋ ಭಾನುವಾರ ಇನ್ನೊಂದ್ಸಲ ಕೂತ್ಕೊ ಅಕ್ಕ. ನೀನು ವಾಸ್ನೆ ಇಲ್ಲ ಅಂದ್ಮೇಲೇನೆ ನಾನು ಇವಳ್ನ ಮೇಲಕ್ಕೆ ಕಳ್ಸೋದು."

ಲೋಟ ಇನ್ನೂ ಬಿಸಿಯಾಗಿತ್ತು. ಯಶೋಧಾ ಅದನ್ನು ಪಕ್ಕದ ಸೀಟಿನ ಮೇಲೆ, ವರ್ಷಿಣಿ ಕೂರುವ ಜಾಗದಲ್ಲಿ ಇಡಹೋದವಳು ಇಡದೆ ಮತ್ತೆ ಕೈಗೆ ತೆಗೆದುಕೊಂಡಳು.

"ನನ್ನ ನಂಬ್ಕೊಬೇಡ ಕಣ್ಲಾ," ಎಂದಳು. "ನನ್ ಮೂಗು ಹೋಗ್ಯದೆ. ಆ ಜ್ವರ ಬಂದಾಗ್ಲೇ ಹೋಯ್ತು. ವಾಸ್ನೆ ಬಂದದ್ದು ಮಗೀಗೆ. ನಂಗಲ್ಲ."

ಪಕ್ಕದ ಕಾರ್ಖಾನೆಯಲ್ಲಿ ಕಬ್ಬಿಣ ಕೊಯ್ಯುವ ಸದ್ದು ಏರಿ ನಿಂತಿತು. ಕಾರ್ಖಾನೆಯವರಿಗೆ ಗೊತ್ತೇ ಎಂದು ತಮ್ಮ ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು.

"ಕಾಫಿ ಘಮ್ ಅಂತದೆ ಅಂತೀರಲ್ಲ ಅತ್ತೆ," ವರ್ಷಿಣಿ ಮೆಲ್ಲಗೆ ಕೇಳಿದಳು.

"ಬಿಸಿ ಗೊತ್ತಾಯ್ತದೆ ಕಣವ್ವ."

ಶಿವಲಿಂಗಯ್ಯ ಬೈಯಬಹುದೆಂದು ಅವಳು ಕಾದಳು. ಅವನು ಸುಮ್ಮನೆ ಕೈ ಕೊಟ್ಟು ಅಕ್ಕನನ್ನು ಕೆಳಗಿಳಿಸಿಕೊಂಡ. ಬಾಗಿಲುಗಳನ್ನೆಲ್ಲ ತೆರೆದು ಒಳಗಿನ ಗಾಳಿ ಹೋಗಲು ಬಿಟ್ಟ. ಪೈಪನ್ನು ಮತ್ತೆ ಸಿಕ್ಕಿಸಿದ. ಆಮೇಲೆ ಚಪ್ಪಲಿ ಬಿಟ್ಟು ತಾನೇ ಒಳಗೆ ಹತ್ತಿ ಕೂತು, ಬಾಗಿಲು ಎಳೆದುಕೊಂಡ.

"ನೀನೇ ಧೂಪ ಹಾಕು," ಎಂದ ಗಾಜಿನ ಒಳಗಿನಿಂದ.

ಯಶೋಧಾ ಡಬ್ಬಿಯ ಕೆಂಡಕ್ಕೆ ಸಾಂಬ್ರಾಣಿ ಪುಡಿ ಉದುರಿಸಿದಳು. ಚಿಟಿಕೆ ಎಷ್ಟೆಂದು ಬೆರಳಿಗೆ ಗೊತ್ತಿತ್ತು. ವರ್ಷಿಣಿ ಊದುವ ಯಂತ್ರದ ಸ್ವಿಚ್ಚು ಹಾಕಿದಳು. ಗಾಜಿನಾಚೆ ತಮ್ಮನ ಕಣ್ಣು ಮುಚ್ಚಿತ್ತು. ಚಿಕ್ಕಂದಿನಲ್ಲಿ ನಿದ್ದೆ ಬಂದಂತೆ ನಟಿಸುವಾಗ ಇರುತ್ತಿದ್ದಂತೆಯೇ ಮುಖ. ಮೂಗಿನ ಹೊಳ್ಳೆ ಒಮ್ಮೆ ಅರಳಿತು, ಇನ್ನೊಮ್ಮೆ ಅರಳಿತು.

"ಬತ್ತದೆ ಕಣಕ್ಕ," ಎಂದ. "ಒಸೀನೆ. ಆದ್ರೂ ಬತ್ತದೆ. ಬಿಚ್ಲೇಬೇಕು."

"ಎಂಗದೆ?"

"ಸಾಂಬ್ರಾಣಿ ಥರ ಅದೆ."

"ಅದು ಗೊತ್ತು ಕಣ್ಲಾ. ಎಂಗದೆ ಹೇಳು."

ಎಂಜಿನ್ನಿನ ಸದ್ದುಗಳಿಗೆ ಅವನಲ್ಲಿ ಬೇಕಾದಷ್ಟು ಹೆಸರಿದ್ದವು, ಇದಕ್ಕಿರಲಿಲ್ಲ. ಮತ್ತೊಮ್ಮೆ ಉಸಿರೆಳೆದುಕೊಂಡು, ಕಣ್ಣು ತೆರೆಯದೆಯೇ ಹೇಳಿದ. "ಅವ್ವ ಬುಟ್ಟಿ ತೆಗೆದ ಮೇಲೆ ನಾನು ಹಿಂದಿಂದ ಬಂದು ನಿನ್ ಜಡೆ ಎಳೀತಿದ್ನಲ್ಲ. ಅವಾಗ ಇರ್ತಿತ್ತಲ್ಲ. ಅಂಗದೆ."

ಯಶೋಧಾ ಡಬ್ಬಿಯ ಮೇಲೆ ಬಾಗಿ ನಿಂತಿದ್ದಳು. ಹೊಗೆ ಎಳೆಯೆಳೆಯಾಗಿ ಎದ್ದು ಅವಳ ಮುಖವನ್ನು ಸವರಿ ಹೋಗುತ್ತಿತ್ತು. ಅವಳ ಎಡಗೈ ತಾನಾಗಿಯೇ ಹಿಂದಕ್ಕೆ ಹೋಗಿ, ನರೆತ ತುರುಬನ್ನು ಒಮ್ಮೆ ಮುಟ್ಟಿತು.